ಬಾಣದ ಗುರುತಿನ ಜಾರುಬಂಡೆ

ಮೂವತ್ತು ವರ್ಷ ನಾನು ಮಕ್ಕಳ ಆಟದ ಪೀರಿಯಡ್ಡನ್ನು ಕದ್ದಿದ್ದೇನೆ. ಗುಟ್ಟಾಗಿ ಅಲ್ಲ, ಹಾಡಹಗಲೇ, ಕೈಯಲ್ಲಿ ಸೀಮೆಸುಣ್ಣ ಹಿಡಿದು. ಹೆಗ್ಗಡದೇವನಕೋಟೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನನಗೆ ಸಿಲೆಬಸ್ಸು ಯಾವಾಗಲೂ ಹಿಂದೆ ಬಿದ್ದಿರುತ್ತಿತ್ತು. ನನ್ನ ಪುಣ್ಯಕ್ಕೆ ಪಿ.ಟಿ. ಮೇಷ್ಟ್ರು ಸಾಧು ಮನುಷ್ಯರು. "ಸಾರ್, ಇವತ್ತೊಂದು ಪೀರಿಯಡ್ಡು" ಎಂದರೆ ಸಾಕು, ಕೊರಳಲ್ಲಿ ಸೀಟಿ ನೇತಾಡಿಸಿಕೊಂಡೇ ಸ್ಟಾಫ್ ರೂಮಿಗೆ ನಡೆದುಬಿಡುತ್ತಿದ್ದರು. ಅಷ್ಟರಲ್ಲಿ ಬಾಗಿಲ ತನಕ ಓಡಿದ್ದ ಮಕ್ಕಳು ವಾಪಸ್ಸು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಆ ಮುಖಗಳನ್ನು ನೋಡಬಾರದೆಂದು ನಾನು ಬೋರ್ಡಿನ ಕಡೆ ತಿರುಗಿ ತ್ರಿಭುಜ ಬರೆಯುತ್ತಿದ್ದೆ.

ನಿವೃತ್ತಿಯಾಗಿ ಅಂತರಸಂತೆಯ ಹತ್ತಿರದ ನಮ್ಮೂರಿಗೆ ಬಂದೆ. ನಮ್ಮ ಮನೆಯ ಎದುರಿಗೇ ಪ್ರೈಮರಿ ಶಾಲೆ. ಬಯಲು ದೊಡ್ಡದಿದೆ, ಆದರೆ ಆಟದ ಸಾಮಾನು ಎಂದು ಅಲ್ಲಿದ್ದದ್ದು ಉಯ್ಯಾಲೆಯಿಲ್ಲದ ಒಂದು ಉಯ್ಯಾಲೆ ಕಂಬ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಾಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಲೋಟ ಕೆಳಗಿಟ್ಟು ಗಂಡನಿಗೆ ಹೇಳಿದೆ, ಈ ಮಕ್ಕಳಿಗೆ ಹತ್ತಲು, ಜಾರಲು, ಜೋತುಬೀಳಲು, ಬಚ್ಚಿಟ್ಟುಕೊಳ್ಳಲು ಎಲ್ಲವೂ ಒಂದರಲ್ಲೇ ಸಿಗುವಂಥದ್ದೊಂದನ್ನು ಕಟ್ಟಿಸಿಯೇ ತೀರುತ್ತೇನೆ ಎಂದು. ಅವರು ಪೇಪರಿನಿಂದ ತಲೆ ಎತ್ತದೆ "ಆಗಲಿ" ಅಂದರು. ನಾನು ಹಿಡಿದ ಪಟ್ಟು ಬಿಡುವವಳಲ್ಲ ಎಂಬುದು ಅವರಿಗೆ ಗೊತ್ತು. ಅದನ್ನು ಅವರು ಯಾರೆದುರೂ ಹೊಗಳಿಕೆಯಾಗಿ ಹೇಳಿದ್ದಿಲ್ಲ.

ಜಾರುಬಂಡೆ ಎಂಬ ಮಾತನ್ನೇ ನೋಡಿ. ತಗಡಿನದಾದರೂ, ಪ್ಲಾಸ್ಟಿಕ್ಕಿನದಾದರೂ ನಾವು ಅದನ್ನು ಬಂಡೆ ಎಂದೇ ಕರೆಯುತ್ತೇವೆ. ಊರ ಹೊರಗಿನ ಇಳಿಜಾರು ಬಂಡೆಯ ಮೇಲೆ ಸೊಪ್ಪು ಹಾಸಿಕೊಂಡು ಜಾರಿ, ಲಂಗದ ಹಿಂಭಾಗ ಸವೆಸಿ, ಮನೆಯಲ್ಲಿ ಬೈಸಿಕೊಂಡವರು ಇಟ್ಟ ಹೆಸರಿರಬೇಕು. ಅದಕ್ಕೆ ಯಾರೂ ನಕ್ಷೆ ಬರೆದಿರಲಿಲ್ಲ. ಕುಂಟೆಬಿಲ್ಲೆಯ ಮನೆಗಳಿಗೂ ಹಂಚಿನ ಚೂರಿನಲ್ಲಿ ಎಳೆದ ನಾಲ್ಕು ಗೆರೆ ಸಾಕಾಗುತ್ತಿತ್ತು. ಇದೆಲ್ಲ ನನಗೆ ಈಗ ಹೊಳೆಯುತ್ತಿದೆ. ಆಗ ಹೊಳೆದದ್ದು ಗ್ರಾಫ್ ಪೇಪರು.

ಹನ್ನೆರಡು ಹಾಳೆ ಬರೆದೆ. ಮೆಟ್ಟಿಲು, ಅಟ್ಟ, ತೂಗುಸೇತುವೆ, ಎರಡನೆಯ ಅಟ್ಟ, ಜಾರುಬಂಡೆ. ಎಲ್ಲಿ ಹತ್ತಬೇಕು, ಎಲ್ಲಿ ದಾಟಬೇಕು, ಎಲ್ಲಿ ಇಳಿಯಬೇಕು ಎಂದು ಒಂದರಿಂದ ಏಳರವರೆಗೆ ಅಂಕಿ ಹಾಕಿದೆ. ಅಂಕಿಯಿಂದ ಅಂಕಿಗೆ ಬಾಣದ ಗುರುತು. ಯಾವ ಮಗುವೂ ದಾರಿ ತಪ್ಪುವಂತಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಚಿತ್ರ ನಾನು ಬರೆದಿರಲಿಲ್ಲ, ಹೆಮ್ಮೆಯಾಯಿತು.

ಹಾಳೆಗಳನ್ನು ಮಾದೇಶನ ಹತ್ತಿರ ತೆಗೆದುಕೊಂಡು ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಈಗ ಹೆಗ್ಗಡದೇವನಕೋಟೆ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡು ಟ್ರ್ಯಾಕ್ಟರ್ ಟ್ರೈಲರು, ಗೇಟು, ಕಿಟಕಿ ಮಾಡುತ್ತಾನೆ. ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಹನ್ನೆರಡೂ ಹಾಳೆಗಳನ್ನು ತಿರುವಿ ನೋಡಿದ.

"ಮೇಡಂ, ಇದು ಆಟದ್ದಾ, ಇಲ್ಲ ಲೆಕ್ಕದ್ದಾ?"

"ಆಟದ್ದೇ ಕಣೋ."

"ಅಂಗಾದ್ರೆ ಈ ನಂಬ್ರ ಯಾಕೆ?"

"ಮಕ್ಕಳಿಗೆ ಗೊತ್ತಾಗಬೇಡವೇ?"

ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ನಂಗೂ ಸರಿಯಾಗ್ ತಿಳಿಯಾಕಿಲ್ಲ ಬುಡಿ. ನಮ್ಮ ಆಟದ ಪೀರಿಯಡ್ನಲ್ಲೆಲ್ಲ ನೀವು ಲೆಕ್ಕ ಮಾಡುಸ್ತಿದ್ರಿ." ಇದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಆದರೂ ನಂಬರು ತೆಗೆಯಲು ಒಪ್ಪಲಿಲ್ಲ.

ಟ್ರೈಲರಿಗೆ ಹಾಕುವ ಕಬ್ಬಿಣವನ್ನೇ ಹಾಕಿ ಅವನು ಕಟ್ಟಿದ ಗಟ್ಟಿತನಕ್ಕೆ ಆ ಜಾರುಬಂಡೆಯ ಮೇಲೆ ಒಂದು ಲೋಡು ಭತ್ತವನ್ನೇ ಇಳಿಸಬಹುದಿತ್ತು. ಶುಕ್ರವಾರ ಶಾಲೆಯ ಬಯಲಿನಲ್ಲಿ ಪೂಜೆಯಾಯಿತು. ನಮ್ಮ ಕಡೆ ಹೊಸ ಗಾಡಿ ತಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಇದಕ್ಕೆ ಚಕ್ರವಿಲ್ಲದ ಕಾರಣ ಯಾರೋ ಜಾರುಬಂಡೆಯ ತುದಿಯಲ್ಲಿ ನಾಲ್ಕು ನಿಂಬೆಹಣ್ಣು ಇಟ್ಟರು. ಮೊದಲು ಜಾರಿದ ಹುಡುಗ ನಾಲ್ಕನ್ನೂ ಚಡ್ಡಿಯಲ್ಲೇ ಹಿಂಡಿದ.

ಆಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಮಕ್ಕಳು ಸಾಲಾಗಿ ನಿಂತರು. ಒಂದು ಎಂದು ಬರೆದಲ್ಲಿ ಹತ್ತಿದರು, ಮೂರು ಎಂದು ಬರೆದಲ್ಲಿ ದಾಟಿದರು, ಏಳು ಎಂದು ಬರೆದಲ್ಲಿ ಇಳಿದು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಯಾರೂ ತಳ್ಳಾಡಲಿಲ್ಲ, ಯಾರೂ ಕೂಗಲಿಲ್ಲ. ರೇಷನ್ ಅಂಗಡಿಯ ಮುಂದೆ ಕೂಡ ಇದಕ್ಕಿಂತ ಹೆಚ್ಚು ಗಲಾಟೆ ಇರುತ್ತದೆ. ಕಾಲು ಗಂಟೆಯಲ್ಲಿ ಸಾಲು ಕರಗಿತು. ಸೋಮವಾರ ಎಂಟು ಮಕ್ಕಳು ಹತ್ತಿದರು, ಬುಧವಾರ ಯಾರೂ ಇಲ್ಲ.

ಹೆಡ್‌ಮಾಸ್ಟರು ಒಳ್ಳೆಯವರು, ಜವಾಬ್ದಾರಿಯುಳ್ಳವರು, ಯಾವುದನ್ನು ಕಂಡರೂ ಬೀಗ ಹಾಕಬೇಕೆನ್ನುವವರು. "ಮಕ್ಕಳೂ ಬಳಸ್ತಿಲ್ಲ ಮೇಡಂ. ಬಿಸಿಲಿಗೆ ಮಳೆಗೆ ಬಣ್ಣ ಹಾಳಾಗ್ತದೆ. ಸುತ್ತ ತಂತಿಬೇಲಿ ಹಾಕಿ ಬೀಗ ಹಾಕೋಣ. ಇನ್‌ಸ್ಪೆಕ್ಷನ್ ದಿನ, ಆಗಸ್ಟ್ ಹದಿನೈದಕ್ಕೆ ತೆಗೆಯೋಣ" ಅಂದರು. ಕದ್ದದ್ದನ್ನು ವಾಪಸ್ಸು ಕೊಡಲು ಹೋಗಿ ಅದಕ್ಕೇ ಬೀಗ ಹಾಕಿಸಿಕೊಂಡಂತಾಗುತ್ತದಲ್ಲ. ಹದಿನೈದು ದಿನ ಕೊಡಿ ಎಂದು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ, ಕೊಡುವ ತನಕ ಅವರ ಆಫೀಸಿನ ಕುರ್ಚಿಯಿಂದ ಏಳಲಿಲ್ಲ.

ಹಾಗಾದರೆ ಮಕ್ಕಳು ಎಲ್ಲಿಗೆ ಹೋಗುತ್ತಿದ್ದರು? ಮಾರನೆಯ ದಿನ ಹುಡುಕಿಕೊಂಡು ಹೋದೆ. ಕಾಂಪೌಂಡಿನ ಹಿಂದೆ ಮಾದೇಶ ಬಿಟ್ಟುಹೋದ ಕಸವಿತ್ತು: ಖಾಲಿ ಡ್ರಮ್ಮು, ಒಂದು ಹಲಗೆ, ಸಿಮೆಂಟಿನ ಚೀಲಗಳು. ಇಡೀ ಶಾಲೆ ಅಲ್ಲಿತ್ತು. ತೇಗದ ಎಲೆಗಳನ್ನು ಚೀಲದಲ್ಲಿ ತುಂಬಿ ಸಾಲಾಗಿ ಇಟ್ಟಿದ್ದರು. ಅವು ಹೊಗೆಸೊಪ್ಪಿನ ಬೇಲುಗಳು; ಆ ಜಾಗ ಹರಾಜು ಮಾರುಕಟ್ಟೆ. ನಾಲ್ಕನೇ ಕ್ಲಾಸಿನ ಚಂದನಾ ಎಂಬ ಹುಡುಗಿ ಡ್ರಮ್ಮಿನ ಮೇಲೆ ನಿಂತು, ಹುಡುಗರು ಎತ್ತಿಹಿಡಿದ ಒಂದೊಂದು ಚೀಲದಿಂದಲೂ ಎಲೆ ಎಳೆದು, ಮೂಸಿ, ಮುಖ ಸಿಂಡರಿಸುತ್ತಿದ್ದಳು. "ಇದು ನೋ ಬಿಡ್ ಕಣ್ಲಾ. ಯಾರೂ ಕೂಗಾಕಿಲ್ಲ. ಎತ್ಕಂಡೋಗು" ಅಂದಳು. ಸೊಪ್ಪಿನ ಯಜಮಾನನಾಗಿದ್ದ ಹುಡುಗ ಟವೆಲ್ಲು ಕೊಡವಿಕೊಂಡು, ಸೊಪ್ಪು ಮಾರಾಟವಾಗದ ದಿನ ಅವನಪ್ಪ ಹೇಗೆ ನಿಂತಿರುತ್ತಾನೋ ಹಾಗೇ ನಿಂತ. ನಾನು ಗೋಡೆಯ ಈಚೆ ನಿಂತು ನೋಡುತ್ತಿದ್ದೆ. ಹತ್ತೇ ನಿಮಿಷದಲ್ಲಿ ಆ ಡ್ರಮ್ಮು ಅಡ್ಡ ಬಿದ್ದು ಬಸ್ಸಾಯಿತು, ಹಲಗೆ ಅದರ ಸೀಟಾಯಿತು, ಬಸ್ಸು ಹೆಗ್ಗಡದೇವನಕೋಟೆ ದಾಟಿ ಮೈಸೂರಿನ ಕಡೆ ಹೊರಟಿತು.

ಹನ್ನೆರಡು ಹಾಳೆಯ ನಕ್ಷೆಯಲ್ಲಿ ನಾನು ಎಲ್ಲವನ್ನೂ ಇಟ್ಟಿದ್ದೆ, ಮಕ್ಕಳಿಗೆ ಯೋಚಿಸಲು ಏನನ್ನೂ ಬಿಟ್ಟಿರಲಿಲ್ಲ. ಮೈಗೆ ಕೆಲಸ ಕೊಟ್ಟು ತಲೆಗೆ ರಜೆ ಕೊಟ್ಟಿದ್ದೆ. ಅಳು ಬರುವಷ್ಟು ಬೇಸರವಾಯಿತು, ಆದರೆ ಅಳುವುದಕ್ಕೆ ಹದಿನೈದು ದಿನದಲ್ಲಿ ಬಿಡುವಿರಲಿಲ್ಲ.

ಮೂರು ದಿನ ಅದೇ ಗೋಡೆಯ ಹತ್ತಿರ ಹೋಗಿ ನಿಂತು ನೋಡಿದೆ. ಅವರಿಗೆ ಬೇಕಾದದ್ದು ಎತ್ತರದ ಒಂದು ಜಾಗ, ಕತ್ತಲೆಯ ಒಂದು ಮೂಲೆ, ಓಡಿಬಂದು ತಪ್ಪಿಸಿಕೊಳ್ಳಲು ಒಂದಕ್ಕಿಂತ ಹೆಚ್ಚು ದಾರಿ. ಯಾವುದಕ್ಕೂ ಹೆಸರಿರಬಾರದು. ಮಾದೇಶನನ್ನು ಕರೆಸಿದೆ. ಅವನು ಉಜ್ಜುವ ಮೆಷಿನ್ನು ಹಿಡಿದು ಒಂದರಿಂದ ಏಳರವರೆಗೂ ಅಳಿಸಿದ, ಬಾಣಗಳನ್ನೂ ಅಳಿಸಿದ. ಅಟ್ಟದ ಕೆಳಗೆ ಮೂರು ಕಡೆ ಹಲಗೆ ಹೊಡೆದು, ನಾಲ್ಕನೆಯ ಕಡೆ ತೂರಿಕೊಳ್ಳುವಷ್ಟು ಒಂದು ಕಿಂಡಿ ಬಿಟ್ಟ. ಇನ್ನೊಂದು ಕಡೆಯಿಂದಲೂ ಹತ್ತಲೆಂದು ಹಗ್ಗದ ಬಲೆ ಕಟ್ಟಿದ. ಆ ಡ್ರಮ್ಮಿನ ಎರಡೂ ತಳ ಕತ್ತರಿಸಿ, ಅಂಚು ಮಡಿಸಿ, ಅಡ್ಡಲಾಗಿ ಕೂರಿಸಿದ. ನಾನು ಎತ್ತರ ಒಂದು ಇಂಚೂ ಏರಿಸಲು ಬಿಡಲಿಲ್ಲ, ಕೆಳಗೆ ಮೊಣಕಾಲುದ್ದ ಮರಳು ಹಾಕಿಸಿದೆ, ಪ್ರತಿ ನಟ್ಟನ್ನೂ ನಾನೇ ತಿರುಗಿಸಿ ನೋಡಿದೆ. ಆಟ ಸಡಿಲವಾಗಿರಬಹುದು, ನಟ್ಟು ಸಡಿಲವಾಗಿರಬಾರದು. ಕೆಲಸ ಮುಗಿಸಿದ ಮಾದೇಶ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಡ್ರಮ್ಮಿನೊಳಗೆ ಒಂದು ಸಲ ನುಸುಳಿ ಆ ಕಡೆಯಿಂದ ಬಂದ. "ಗಟ್ಟಿ ಐತಾ ಅಂತ ನೋಡ್ದೆ ಮೇಡಂ" ಅಂದ. ನಾನು ಹೂಂ ಅಂದೆ.

ಹದಿನಾಲ್ಕನೆಯ ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಬಯಲಿಗೆ ಹೋದಾಗ ಅದು ಹೊಲವಾಗಿತ್ತು. ಮೇಲಿನ ಅಟ್ಟ ಕಾವಲಿನ ಅಟ್ಟಣೆಯಾಗಿತ್ತು. ಕಾಡಂಚಿನ ನಮ್ಮೂರಿನಲ್ಲಿ ರಾತ್ರಿ ಅಪ್ಪಂದಿರು ಅಟ್ಟಣೆ ಹತ್ತಿ ಜೋಳ ಕಾಯುವುದನ್ನು ಈ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಕೆಳಗಿನ ಕತ್ತಲೆ ಮೂಲೆಯಲ್ಲಿ ಯಾರದೋ ಸಂಸಾರ, ಅಲ್ಲಿ ಮುದ್ದೆ ಬೇಯುತ್ತಿತ್ತು. ಡ್ರಮ್ಮಿನೊಳಗೆ ಇಬ್ಬರು ಬಚ್ಚಿಟ್ಟುಕೊಂಡಿದ್ದರು. ಹತ್ತುವವರು ಜಾರುಬಂಡೆಯ ಮೇಲೇ ಹತ್ತುತ್ತಿದ್ದರು, ಇಳಿಯುವವರು ಬಲೆಯಲ್ಲಿ ಇಳಿಯುತ್ತಿದ್ದರು. ಗಲಾಟೆಗೆ ಮರದ ಕಾಗೆಗಳೆಲ್ಲ ಎದ್ದುಹೋಗಿದ್ದವು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ, ಅಲ್ಲೇ ಮರಳಿನ ಮೇಲೆ ಕೂತುಬಿಡೋಣ ಅನ್ನಿಸಿತು.

ಅಟ್ಟಣೆಯಿಂದ ಚಂದನಾ ಬಗ್ಗಿ ನೋಡಿದಳು. "ಮಿಸ್, ನೀವು ಆನೆ ಆಯ್ತೀರಾ? ಯಾರೂ ಆನೆ ಆಗಾಕೆ ಒಪ್ತಾ ಇಲ್ಲ."

"ನಾನೇನು ಮಾಡಬೇಕು?"

"ಜೋಳ ತಿನ್ನಾಕೆ ಬರ್ಬೇಕು. ನಾವು ಓಡುಸ್ತೀವಿ. ಮೇಲಕ್ಕೆ ಮಾತ್ರ ಅತ್ತಂಗಿಲ್ಲ."

ಇಡೀ ಊರಿನಲ್ಲಿ ಆನೆಯಾಗಲು ಮೈಕಟ್ಟಿನಿಂದಲೂ ನಾನೇ ತಕ್ಕವಳು ಎಂದು ಅವಳು ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿದಳು. ನಾನು ಸೆರಗು ಸಿಕ್ಕಿಸಿ, ಬಲಗೈಯನ್ನು ಮೂಗಿನ ಮುಂದೆ ಸೊಂಡಿಲಿನಂತೆ ಇಳಿಬಿಟ್ಟು, ಜೋಳದ ಹೊಲಕ್ಕೆ ನುಗ್ಗಿದೆ. ಮೇಲಿನಿಂದ ತಟ್ಟೆ ಬಡಿಯುವ ಸದ್ದು, ಕೂಗು, ಸಿಳ್ಳೆ. ನಾನು ಎರಡು ಸಲ ಓಡಿ, ಮೂರನೆಯ ಸಲ ಮತ್ತೆ ಬಂದೆ. ಅಷ್ಟು ಹೊತ್ತಿಗೆ ಹೆಡ್‌ಮಾಸ್ಟರು ನಾಳೆಗೆಂದು ತಂದ ಹೊಸ ಬೀಗ ಕೈಯಲ್ಲಿ ಹಿಡಿದು ಎದುರಿಗೆ ನಿಂತಿದ್ದರು.

"ಏನಿದು ಮೇಡಂ?"

ನಾನು ಉತ್ತರ ಕೊಡಲು ಬಾಯಿ ತೆರೆದೆ. ಮೇಲಿನಿಂದ ಚಂದನಾ ತಡೆದಳು. "ಸಾರ್, ಆನೆಗೆ ಮಾತು ಬರಾಕಿಲ್ಲ. ನೀವು ಫಾರೆಸ್ಟ್‌ನೋರಾಗಿ. ಬೇಗ ಪಟಾಕಿ ಹೊಡೀರಿ, ಜೋಳ ಎಲ್ಲಾ ತಿಂತಾ ಅದೆ."

ಹೆಡ್‌ಮಾಸ್ಟರು ಅಟ್ಟಣೆಯನ್ನು ನೋಡಿದರು, ಡ್ರಮ್ಮಿನಿಂದ ಇಣುಕುತ್ತಿದ್ದ ಎರಡು ತಲೆಗಳನ್ನು ನೋಡಿದರು, ನನ್ನ ಸೊಂಡಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೀಗವನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಎರಡೂ ಅಂಗೈಯನ್ನು ಬಾಯಿಗೆ ಒಡ್ಡಿ, ನಿಧಾನವಾಗಿ, ಸ್ವಲ್ಪ ನಾಚಿಕೆಯಿಂದ, "ಢಂ" ಎಂದರು.

ನಾನು ಕಾಡಿನ ಕಡೆ ಓಡಿದೆ.