ರೈಟರ ಮನೆಯಲ್ಲಿ ಹೇಳಿದ ಸುಳ್ಳು

ಕಾನೂನು ಓದಿನ ನಾಲ್ಕನೇ ವರ್ಷದಲ್ಲಿ, ಗಲ್ಲುಶಿಕ್ಷೆಗೆ ಗುರಿಯಾದವರ ಪರ ವಾದಿಸುವ ಬೆಂಗಳೂರಿನ ವಕೀಲೆಯೊಬ್ಬರ ಬಳಿ ಇಂಟರ್ನ್ ಆಗಿ ಸೇರಿದ್ದೆ. ನಾನು ಕೊಡಗಿನವಳೆಂದು ತಿಳಿದ ಕೂಡಲೇ ಮೇಡಂ ಒಂದು ಫೈಲನ್ನು ನನ್ನ ಮುಂದಿಟ್ಟರು. ಕೊಡಗಿನ ಬಾಳೆಲೆ ಊರಿನ ಕಡೆಯ ಕಾಫಿ ತೋಟದ ಆಳೊಬ್ಬ, ಅಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದ ರೈಟರ ಮಗಳನ್ನು ಕೊಂದಿದ್ದ. ಕೆಳಗಿನ ಕೋರ್ಟು ಗಲ್ಲು ವಿಧಿಸಿತ್ತು. ಹೈಕೋರ್ಟಿನ ತೀರ್ಪು ಬಾಕಿಯಿತ್ತು.

"ಕೊಂದದ್ದು ಅವನೇ, ಅದರಲ್ಲಿ ತಕರಾರಿಲ್ಲ" ಎಂದರು ಮೇಡಂ. "ಅದಕ್ಕೆ ಮೊದಲು ಅವನು ಹೇಗೆ ಬೆಳೆದ ಅಂತ ಯಾರೂ ಕೇಳಿಲ್ಲ. ಮನೆ, ಶಾಲೆ, ಆಸ್ಪತ್ರೆ ಎಲ್ಲ ವಿಚಾರಿಸಿಕೊಂಡು ಬಾ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕೇಸಿನ ವಿಷಯ ಹೇಳಬೇಡ."

ಅವನ ಅಕ್ಕ ತೋಟದ ಲೈನುಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯೊಂದರಲ್ಲಿ, ಇದ್ದಳು. ಬಸ್ಸಿಳಿದು ಅತ್ತ ನಡೆಯುತ್ತಿದ್ದಾಗ ತಿರುವಿನ ಮನೆಯ ಗೇಟಿನಿಂದ ಮುದುಕರೊಬ್ಬರು ಕೂಗಿದರು.

"ಒಬ್ಬಳೇ ಎಲ್ಲಿಗೆ ಮಗಳೇ? ತೋಟದೊಳಗೆ ಆನೆ ಉಂಟು. ಕಾಫಿ ಕೊಯ್ಯೋ ಪಿಕ್ಕಿಂಗಿನವರನ್ನೇ ವಾಪಸ್ ಕಳಿಸಿದ್ದಾರೆ. ಬಾ, ಕೂತ್ಕೊ."

ಜಗಲಿಯಲ್ಲಿ ಕೂರಿಸಿ ಕಾಫಿ ತಂದುಕೊಟ್ಟರು. ಏನು ಕೆಲಸವೆಂದು ಕೇಳಿದರು.

"ಕಾಲೇಜಿನ ಪ್ರಾಜೆಕ್ಟು. ಲೈನಿನ ಮಕ್ಕಳ ಓದಿನ ಬಗ್ಗೆ" ಎಂದೆ. ಕೇಸಿನ ವಿಷಯ ಹೇಳಬೇಡವೆಂದಿದ್ದರೇ ಹೊರತು ಸುಳ್ಳು ಹೇಳೆಂದು ಯಾರೂ ಹೇಳಿರಲಿಲ್ಲ.

ಅವರ ಮುಖ ಅರಳಿತು. ಲೈನಿನ ಎಷ್ಟೋ ಮಕ್ಕಳನ್ನು ತಾವೇ ಕೈಹಿಡಿದು ಶಾಲೆಗೆ ಸೇರಿಸಿದ್ದರಂತೆ. "ಒಬ್ಬ ಇದ್ದ, ಓದಿನಲ್ಲಿ ಭಾರೀ ಚುರುಕು. ಅವನಪ್ಪ ಕುಡಿದು ಬಂದು ಸೌದೆಯಲ್ಲಿ ತಲೆಗೆ ಹೊಡೆದ. ನಾನೇ ಜೀಪಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದೆ. ಮೂರು ದಿನ ಕಣ್ಣು ಬಿಡ್ಲಿಲ್ಲ. ಆಮೇಲೆ ಆ ಹುಡುಗ ಮೊದಲಿನ ಹಾಗೆ ಆಗ್ಲೇ ಇಲ್ಲ." ನನ್ನ ಖಾಲಿ ಲೋಟ ಎತ್ತಿಕೊಳ್ಳುತ್ತ, "ಆವತ್ತೇ ಅವನ ಜೀವ ಹೋಗಿದ್ರೆ ಚೆನ್ನಾಗಿತ್ತು" ಎಂದು ಒಳಗಿನ ಗೋಡೆಯತ್ತ ನೋಡಿದರು.

ಅಲ್ಲಿ ಹಾರ ಹಾಕಿದ ಹುಡುಗಿಯ ಫೋಟೋ ಇತ್ತು. ಅದೇ ಫೋಟೋ ನನ್ನ ಚೀಲದೊಳಗಿನ ಫೈಲಿನಲ್ಲೂ ಇತ್ತು. ಇವರೇ ಆ ರೈಟರು; ಪೆಟ್ಟು ತಿಂದ ಹುಡುಗ ನಮ್ಮ ಕೇಸಿನವನು.

ಆಗಲೇ ನಿಜ ಹೇಳಬೇಕಿತ್ತು. ಆನೆ ದಾಟಿತೆಂದು ತೋಟ ಕಾಯುವ ವಾಚರ್ ಬಂದು ಹೇಳಿದ ಮೇಲೆ ಅವರೇ ಲೈನಿನವರೆಗೆ ಜೊತೆಗೆ ಬಂದು ಬಿಟ್ಟುಹೋದರು.

ಅಕ್ಕ ಮೊದಲು ತಮ್ಮನ ಬಗ್ಗೆ ಏನೂ ಹೇಳಲೊಲ್ಲಳು. ತಲೆಯ ಪೆಟ್ಟಿನ ವಿಷಯ ಎತ್ತಿದಾಗ ಬೆಚ್ಚಿಬಿದ್ದಳು. "ಸತ್ತ ಅಪ್ಪನ ಮರ್ಯಾದೆ ಯಾಕೆ ತೆಗೆಯೋದು ಅಂತ ಪೊಲೀಸರಿಗೂ ಹೇಳ್ಲಿಲ್ಲಮ್ಮ" ಎಂದು ಅತ್ತಳು.

ಬೆಂಗಳೂರಿಗೆ ಮರಳಿ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಮಗಳನ್ನು ಕಳೆದುಕೊಂಡವರಿಗೆ ಮೋಸ ಮಾಡಿ ನಾವು ಯಾರನ್ನೂ ಉಳಿಸೋದು ಬೇಡ. ಹೋಗಿ ನಿಜ ಹೇಳು" ಎಂದರು.

ಎರಡನೇ ಸಲ ಹೋದಾಗ ಗೇಟಿನ ಹೊರಗೇ ನಿಂತು ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ನನ್ನ ಮನೆ ಕಾಫಿ ಕುಡಿದು ಅವನ ಕೆಲಸ ಮಾಡಿದ್ದಾ ನೀನು?"

"ತಪ್ಪಾಯ್ತು."

ಒಳಗಿನಿಂದ ಅವರ ಹೆಂಡತಿ, "ಯಾರು ಬಂದದ್ದು?" ಎಂದು ಕೇಳಿದರು.

"ಯಾರೂ ಇಲ್ಲ" ಎಂದವರು ದನಿ ತಗ್ಗಿಸಿದರು. "ಅವನಿಗೆ ಹೊಡೆದದ್ದು ನಿಜ. ನಾನು ಇಲ್ಲ ಅನ್ನೋದಿಲ್ಲ. ಆದ್ರೆ ಕೋರ್ಟಿಗೆ ಬಂದು ಹೇಳು ಅಂತ ಕೇಳ್ಬೇಡ. ಆಸ್ಪತ್ರೆ ಪುಸ್ತಕದಲ್ಲಿ ಇರ್ಬೇಕು, ಹುಡುಕ್ಕೋ. ಇನ್ನು ಈ ಕಡೆ ಬರ್ಬೇಡ."

ಆಸ್ಪತ್ರೆಯ ಗೆದ್ದಲು ತಿಂದ ರಿಜಿಸ್ಟರುಗಳ ನಡುವೆ ಐದು ದಿನ ಹುಡುಕಿದೆ. ಹುಡುಗನ ಹೆಸರು, ತಲೆಗಾದ ಗಾಯದ ವಿವರ ಸಿಕ್ಕವು. ಕರೆತಂದವರ ಜಾಗದಲ್ಲಿ ರೈಟರ ದುಂಡನೆಯ ಸಹಿ.

ಅದು, ಅಕ್ಕನ ಹೇಳಿಕೆ, ಅವನನ್ನು ಪರೀಕ್ಷಿಸಿದ ಡಾಕ್ಟರ ವರದಿ ಎಲ್ಲ ನೋಡಿ ಹೈಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವನನ್ನು ಆಸ್ಪತ್ರೆಗೆ ಸೇರಿಸಿದ್ದು ಸತ್ತವಳ ತಂದೆಯೇ ಎಂಬುದೂ ತೀರ್ಪಿನಲ್ಲಿತ್ತು. ಪತ್ರಿಕೆಯವರು ಅದನ್ನೇ ದೊಡ್ಡದು ಮಾಡಿ ಹಾಕಿದರು.

"ಇನ್ನು ಅವನನ್ನು ಕೊಲ್ಲೋದಿಲ್ಲ ಅಲ್ವಾ ಅಮ್ಮಾ?" ಎಂದು ಅಕ್ಕ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದಳು. ಇಲ್ಲವೆಂದೆ. ಅವನನ್ನು ನೇಣಿಗೆ ಹಾಕಬಾರದೆಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಆ ಪತ್ರಿಕೆಯನ್ನು ರೈಟರ ಮನೆಯಲ್ಲಿ ಅವರ ಹೆಂಡತಿಗೆ ಯಾರು ಓದಿ ಹೇಳಿದರೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಅಕ್ಕನನ್ನು ನೋಡಬೇಕಾದಾಗ ಈಗ, ರೈಟರ ಗೇಟಿನ ಮುಂದೆ ಹಾಯುವುದು ತಪ್ಪಲೆಂದು, ಗೋಣಿಕೊಪ್ಪಲು ಪೇಟೆಗೆ ಕರೆಸಿಕೊಳ್ಳುತ್ತೇನೆ. ಯಾಕೆಂದು ಅವಳು ಕೇಳಿಲ್ಲ.