ಧ್ರುವದ ಮೇಲಿನ ಗಂಟು

ಇಂದು ಬೆಳಿಗ್ಗೆ ನೂಲು ಸವರುವಾಗ ಬೆರಳಿಗೆ ಗಂಟೊಂದು ತಾಗಿತು. ಗಂಟು ನೂಲಿನದೋ ನನ್ನದೋ ಎಂದು ಇನ್ನೊಂದು ಕೈಯ ಬೆರಳಿನಿಂದಲೂ ಸವರಿದೆ. ಮೂವತ್ತು ವರ್ಷ ಮಗ್ಗದಲ್ಲಿ ಕೂತ ನಾನು ಹೀಗೆ ಎರಡನೆಯ ಬೆರಳಿನ ಸಾಕ್ಷಿ ಕೇಳುವವನಲ್ಲ. ಈ ಚಾಳಿ ಹತ್ತಿದ್ದು ಶ್ರೀಧರನಿಂದ.

ಶ್ರೀಧರ ನಮ್ಮ ರಾಮದುರ್ಗದ ಅರ್ಚಕರ ಮನೆಯವನು, ಆರನೇ ಇಯತ್ತೆಯವರೆಗೆ ನನ್ನ ಪಕ್ಕ ಕೂತವನು. ನಾನು ಸಾಲೆ ಬಿಟ್ಟು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದೆ, ಅವನು ಓದಿ ವಿಜ್ಞಾನಿಯಾಗಿ ಆಕಾಶಕ್ಕೆ ಏರಿದ. ಧ್ರುವಗಳ ಮೇಲೆ, ಬಹಳ ಎತ್ತರದಲ್ಲಿ, ಪ್ಲಾಸ್ಮಾ ಎಂಬ, ವಿದ್ಯುತ್ತು ತುಂಬಿದ ಗಾಳಿಯಂಥದೊಂದು ಇದೆಯಂತೆ. ಅದು ಒಂದೆಡೆ ದಟ್ಟ, ಇನ್ನೊಂದೆಡೆ ತೆಳು. ಉಪಗ್ರಹ ಅದರೊಳಗೆ ಹಾಯುತ್ತ ಅಳೆಯುತ್ತದೆ, ಇವನು ಕುರ್ಚಿಯಲ್ಲಿ ಕೂತು ನೋಡುತ್ತಾನೆ. ನೀವೇ ಹೇಳಿ, ಇದನ್ನು ದುಡಿಮೆ ಅನ್ನಬೇಕೇ?

ಹೋದ ವರ್ಷ ಊರಿಗೆ ಬಂದವನನ್ನು ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕು ಜನರೆದುರೇ ಕೇಳಿದೆ: "ಅಲ್ಲಲೇ ಶ್ರೀಧ್ಯಾ, ಕರಡಿ ಬಿಟ್ರ ಯಾರೂ ಇರದ ಜಾಗಾದಾಗ ಮ್ಯಾಲ ದಪ್ಪ ಇದ್ರೇನು, ತೆಳು ಇದ್ರೇನು?"

"ಆ ಕಡೆ ಹಾರೋ ವಿಮಾನದ ರೇಡಿಯೋ ಕೆಡ್ತದಪಾ," ಎಂದ. ಆಮೇಲೆ ತಾನೇ ನಕ್ಕ. "ಖರೇ ಹೇಳ್ತೀನಿ, ಆ ಪ್ಲಾಸ್ಮಾದಾಗ ದಟ್ಟಾಗಿರೋ ಹೊಸಾ ಗಂಟು ಸಿಕ್ತು ಅಂತ ಎರಡು ವರ್ಷ ಕುಣದೆ. ಆಮ್ಯಾಲ ನಮ್ಮ ಉಪಗ್ರಹದ ಬೆನ್ನಿಗೇ ಇನ್ನೊಂದು ಅದ ಹಾದೀಲೆ ಹೋತು, ಅದಕ್ಕ ಏನೂ ಸಿಗಲಿಲ್ಲ. ಗಂಟು ಆಕಾಶದಾಗ ಇರಲಿಲ್ಲ, ನಮ್ಮ ಯಂತ್ರದಾಗ ಇತ್ತು. ತಪ್ಪಾತು ಅಂತ ಎಲ್ಲಾರಿಗೂ ಬರದು ತಿಳಿಸಿದೆ."

ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. "ಇಷ್ಟು ಓದಿ ಸೊನ್ನಿ ತಂದ್ಯಾ! ನಮ್ಮ ಬೆರಳು ಎಂದೂ ಸುಳ್ಳು ಹೇಳಂಗಿಲ್ಲ ನೋಡು."

ಒಳಗಿನಿಂದ ನನ್ನ ಹೆಂಡತಿ ಕೇಳಿದಳು: "ಹೌದ್ರಿ? ಮತ್ತ ನೀಲಕ್ಕನ್ನ ಯಾಕ ಕೆಲಸಾ ಬಿಡಿಸಿದ್ರಿ?"

ನೀಲಕ್ಕ ಪಕ್ಕದ ಓಣಿಯವಳು. ಲಾಳಿಯೊಳಗಿನ ಕಂಡಿಕೆ ಎಂಬ ಸಣ್ಣ ಕೊಳವೆಗೆ ನಮ್ಮ ನೂಲು ಸುತ್ತಿ ಕೊಡುತ್ತಿದ್ದಳು. ಆರು ವರ್ಷದ ಹಿಂದೆ ಅವಳ ಕಂಡಿಕೆಯಲ್ಲೆಲ್ಲ ಗಂಟು ತಾಗಿದ್ದಕ್ಕೆ, "ನಿನ್ನ ಕೈ ಹೋತು, ನಾಳಿಂದ ಬರಬ್ಯಾಡ," ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಕಳಿಸಿದ್ದೆ. ವಾರದ ಮೇಲೆ ಬೇರೆಯವರ ನೂಲಿನಲ್ಲೂ ಅದೇ ಗಂಟು. ನೋಡಿದರೆ ನನ್ನ ಬೆರಳಿನ ಜಡ್ಡುಗಟ್ಟಿದ ಚರ್ಮ ಬಿರಿದು, ಅದಕ್ಕೇ ನೂಲು ತೊಡರುತ್ತಿತ್ತು. ಬೆರಳನ್ನು ಕಲ್ಲಿಗೆ ತಿಕ್ಕಿ ನಯ ಮಾಡಿಕೊಂಡೆ. ನೀಲಕ್ಕನಿಗೆ ಹೇಳಲಿಲ್ಲ. ಓದದವನಿಗೆ ಇರುವುದೇ ಮರ್ಯಾದೆಯೊಂದು, ಅದನ್ನೂ ಬಿಡುವುದೇ?

ಇಂದು ಎರಡನೆಯ ಬೆರಳು ಸಲೀಸಾಗಿ ಜಾರಿತು. ಗಂಟು ನನ್ನದೇ. ಕುಣಿಯಿಂದೆದ್ದು ನೀಲಕ್ಕನ ಬಾಗಿಲಿಗೆ ಹೋಗಿ, ಬೆರಳು ತೋರಿಸಿ, ಸಣ್ಣ ದನಿಯಲ್ಲಿ ಎಲ್ಲ ಹೇಳಿದೆ.

"ಅವತ್ತು ಓಣಿಗೆಲ್ಲ ಕೇಳುವಂಗ ಬೈದಿದ್ಯಲ್ಲಪಾ," ಎಂದಳು. "ಇದನ್ನೂ ಅಷ್ಟ ಜೋರಲೆ ಹೇಳು."

ಹೇಳಿದೆ. ಧ್ರುವದವರೆಗೂ ಕೇಳಿಸಿರಬೇಕು.