ಅಕ್ಕನ ಪರವಾಗಿ ನಾನೇ ಕೊಟ್ಟ ಉತ್ತರಗಳು

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಕೇಳಿದ್ದನ್ನು ನಾನು ಅಕ್ಕನಿಗೆ ಕೇಳಲೇ ಇಲ್ಲ. ಎಲ್ಲದಕ್ಕೂ ನಾನೇ ಉತ್ತರ ಕೊಟ್ಟೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಪರೀಕ್ಷೆಯ ಆಸೆ ಉಳಿದಿರುತ್ತದೆ ನೋಡಿ.

ಅಕ್ಕ ಅಬುಧಾಬಿಗೆ ಬಂದದ್ದು ನನ್ನ ಮಕ್ಕಳನ್ನು ಸಾಕಲಿಕ್ಕೆ. ಅವಳಿಗೆ ಬರುವುದು ತುಳು ಒಂದೇ. ಅವಳು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವಷ್ಟು ಮಕ್ಕಳು ಜಾಣರಾದರು, ಅವಳು ಮುದುಕಿಯಾದಳು. ನಾವೇನು ಕಡಿಮೆ ನೋಡಿಕೊಂಡೆವೇ? ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಫ್ಲ್ಯಾಟಿನಲ್ಲಿ ಕಿಟಕಿ ಇರುವ ಕೋಣೆಯನ್ನೇ ಕೊಟ್ಟೆವು. ಕುರ್ಚಿಯ ತುದಿಯಲ್ಲಿ ವಾಲಿಕೊಂಡು ಯಾಕೆ ಕೂರುತ್ತಾಳೆ ಎಂದು ಮಾತ್ರ ಕೇಳಲಿಲ್ಲ. ದುಬೈಗೆ ಕಾರಿನಲ್ಲಿ ಬರುವುದಿಲ್ಲ ಎಂದಾಗ, "ನಿನ್ನದು ಬರೀ ಸೋಮಾರಿತನ ಮಾರಾಯ್ತಿ" ಎಂದೆ.

ನಮ್ಮ ಕಡೆ ಹೆಂಗಸರ ಸೊಂಟದ ಕೆಳಗಿನ ನೋವು ತಮ್ಮಂದಿರ ಕಿವಿಗೆ ಬೀಳಬಾರದು. ನನ್ನ ಹೆಂಡತಿಗೆ ಹೇಳಿದರೂ ನನಗೇ ಹೇಳಿದ ಹಾಗೆ ಎಂದು ಅಕ್ಕ ತಿಳಿದಿದ್ದಳು. ಇದೆಲ್ಲ ನನಗೂ ಗೊತ್ತಿತ್ತು. ಆದರೂ ಡಾಕ್ಟರಮ್ಮನ ಎದುರು ಅವಳಿಗೆ ಅಂಟಿಕೊಂಡೇ ಕೂತೆ.

"ಮೂತ್ರಕ್ಕೆ ತೊಂದರೆ ಉಂಟಾ, ಕೇಳಿ" ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು.

"ನೋ ಪ್ರಾಬ್ಲಂ ಡಾಕ್ಟರ್, ಓನ್ಲಿ ಗ್ಯಾಸ್!"

ಅಕ್ಕ ಸೆರಗಿನ ಅಂಚು ನೋಡುತ್ತಿದ್ದಳು. ತುಳು ಬರುವ ಮಂಗಳೂರಿನ ನರ್ಸ್ ಒಬ್ಬಳಿದ್ದಾಳೆ, ಕರೆಯಲೇ ಎಂದರು ಡಾಕ್ಟರಮ್ಮ. "ಯಾಕೆ, ನಾನಿದ್ದೇನಲ್ಲ!" ಎಂದೆ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಊರಿನವರಿಗೆಲ್ಲ ಮೊಬೈಲ್ ಮಾರುವ ನನ್ನ ಇಂಗ್ಲಿಷಿಗೆ ಅದು ಅವಮಾನವಲ್ಲವೇ? ಗ್ಯಾಸಿನ ಮಾತ್ರೆ ಸಿಕ್ಕಿತು. ಅಕ್ಕ ವರ್ಷಗಟ್ಟಲೆ ಅದನ್ನೇ ನುಂಗಿದಳು.

ಹೋದ ಚಳಿಗಾಲದಲ್ಲಿ ಅಕ್ಕನನ್ನು ಮತ್ತೆ ಅದೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ಕಾರಿಟ್ಟಿದ್ದೆ. ಕಾವಲಿನವನು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ನನ್ನನ್ನು ಒಳಗಿನಿಂದ ಎಬ್ಬಿಸಿಕೊಂಡು ಹೋದ. ಕಾರು ಬೇರೆಡೆ ನಿಲ್ಲಿಸಿ ಬರುವಷ್ಟರಲ್ಲಿ ಪರದೆ ಎಳೆದಿತ್ತು. ಒಳಗೆ ಆ ಮಂಗಳೂರಿನ ನರ್ಸ್ ಹುಡುಗಿ ಇದ್ದಳು. ಅಕ್ಕ ಮಾತಾಡುತ್ತಲೇ ಇದ್ದಳು.

"ನಡೆದರೆ ಕೆಳಗೆ ಜಾರುತ್ತದೆ ಮಗಾ. ಬಟ್ಟೆ ಒತ್ತಿಕೊಂಡು ಕೂರುವುದು."

"ಇಷ್ಟು ಕಾಲ ಯಾಕೆ ಹೇಳಲಿಲ್ಲ ಅಮ್ಮಾ?"

"ಹೇಗೆ ಹೇಳುವುದು? ಅವನು ಪಕ್ಕದಲ್ಲೇ ಇರ್ತಾನೆ. ಒಂದು ಚಾ ಕುಡಿಯಲಿಕ್ಕೂ ಎದ್ದು ಹೋಗುವುದಿಲ್ಲ, ಪುಣ್ಯಾತ್ಮ!"

ಇಬ್ಬರೂ ನಕ್ಕರು. ಅಕ್ಕ ಹಾಗೆ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ಗರ್ಭಕೋಶ ಜಾರಿತ್ತು. ಮೊದಲೇ ಗೊತ್ತಾಗಿದ್ದರೆ ಸುಲಭದಲ್ಲಿ ಮುಗಿಯುತ್ತಿತ್ತು, ಈಗ ಆಪರೇಷನ್ನೇ ಆಗಬೇಕು ಎಂದರು ಡಾಕ್ಟರಮ್ಮ.

ಮನೆಗೆ ಹೋಗುವಾಗ ಅಕ್ಕ, "ಆಪರೇಷನ್ ದಿನ ನೀನು ಅಂಗಡಿಗೆ ಹೋಗು. ಆ ಹುಡುಗಿ ಇರ್ತಾಳಂತೆ" ಎಂದಳು. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಅವಳ ಮುಖ ನೋಡಲಾಗದೆ ಸ್ಟೇರಿಂಗ್ ನೋಡುತ್ತ ಹೇಳಿದೆ: "ನನ್ನ ಜಂಬಕ್ಕೆ ನೀನು ನೋವು ತಿಂದೆ. ತಪ್ಪಾಯ್ತು ಅಕ್ಕ, ಕ್ಷಮಿಸು."